ಕಲ್ಲಿನ ಮನೆಯೂ ಕರ್ತನ ಮನೆಯೂ

ತೇರಗಾಂವದಿಂದ ಹಲಸಿಯು ಬಹು ದೂರವಲ್ಲ. ಪೂರ್ವದಲ್ಲಿ ಪಲಾಶಿಕೆಯೆನಿಸಿದ ಆ ಊರಲ್ಲಿ 5ನೆಯ ಶತಮಾನದ ಕದಂಬ ಅರಸು ಮೃಗೇಶವರ್ಮನು, ತೀರಿಹೋದ ತಂದೆಯ ಮೇಲಣ ಭಕ್ತಿಯಿಂದ ಜಿನಾಲಯವನ್ನು ಕಟ್ಟಿಸಿದನೆಂದು ತಾಮ್ರಶಾಸನವು ಹೇಳುತ್ತದೆ. 12ನೆಯ ಶತಮಾನದಲ್ಲಿ ಗೋವೆಯ ಕದಂಬರು ಅಲ್ಲಿಯೇ ನರಸಿಂಹ, ವರಾಹ ಮೂರ್ತಿಗಳನ್ನು ಎದುರುಬದುರಾದ ಗರ್ಭಗೃಹಗಳಲ್ಲಿ ನಿಲ್ಲಿಸಿದರು.

ಅಥೇನೆಯಲ್ಲಿಯೂ ಕಾಲವು ಹೀಗೆಯೇ ಮಾರ್ಪಟ್ಟಿತು. ಕ್ರಿ.ಪೂ. 447ರಲ್ಲಿ ಕಟ್ಟತೊಡಗಿದ ಪಾರ್ಥೆನಾನ್ ಎಂಬ ದೇವಿಯ ಗುಡಿಯು ತರುವಾಯ ಕ್ರೈಸ್ತ ದೇವಾಲಯವಾಯಿತು, ಮಸೀದಿಯಾಯಿತು. 1687ರ ಯುದ್ಧದಲ್ಲಿ ಸಿಡಿಮದ್ದಿನಿಂದ ಒಡೆಯಿತು. ಕ್ರಿಸ್ತನ ಹೆಸರನ್ನು ಹೊತ್ತ ಮಾತ್ರಕ್ಕೆ ಕಲ್ಲು ಸ್ಥಿರವಾಗಲಿಲ್ಲ.

ಕೈಕೆಲಸದ ಮನೆಯು ದೇವರನ್ನು ಹಿಡಿಸಲಾರದೆಂದು ಪೌಲನು ಬೋಧಿಸಿದ ಪಟ್ಟಣವೂ ಅದೇ. ಆದಕಾರಣ ನಾವು ಪ್ರಾರ್ಥನಾಮಂದಿರಕ್ಕೆ ಸುಣ್ಣ ಬಳಿಯುವ ಮೊದಲು, ಮಾತುಬಿಟ್ಟ ಸಹೋದರನ ಬಾಗಿಲಿಗೆ ಹೋಗೋಣ. ಆ ಸಮಾಧಾನದಲ್ಲಿಯೇ ಕರ್ತನು ವಾಸಿಸುವನು. ಆಮೆನ್.