ಬೈನಾಕ್ಯುಲರ್ ಮತ್ತು ಕವಣಿ

ಏಪ್ರಿಲ್ ಬಂತೆಂದರೆ ಆಫೀಸಿನ ಕ್ಯಾಂಟೀನಿನಲ್ಲಿ ಒಂದೇ ಮಾತು: "ಮಕ್ಕಳನ್ನ ಯಾವ ಸಮ್ಮರ್ ಕ್ಯಾಂಪಿಗೆ ಹಾಕಿದ್ರಿ?" ಈಜು, ಚಿತ್ರಕಲೆ, ಕೀಬೋರ್ಡು ಎಲ್ಲ ಚಿಕ್ಕವರಿಗೆ. ಹನ್ನೆರಡು ದಾಟಿದವರಿಗೆ ಈಗ ನೇಚರ್ ಕ್ಯಾಂಪು. ಬೆಳಿಗ್ಗೆ ವ್ಯಾನ್ ಬರುತ್ತೆ, ಹಕ್ಕಿ ತೋರಿಸ್ತಾರೆ, ಎಲೆ ಗುರುತು ಹಿಡಿಸ್ತಾರೆ, ಸಂಜೆಗೆ ವಾಪಸ್ ಮನೆ. ಮೊಬೈಲಿಂದ ಒಂದು ದಿನ ದೂರ. ಇದರಲ್ಲಿ ತಪ್ಪೇನಿಲ್ಲ. ನನ್ನ ಪ್ರಶ್ನೆ ಬೇರೆ. ನಿಸರ್ಗವನ್ನು ಪ್ರೀತಿಸೋದು ಕಲಿಸುವಾಗ, ಆ ನಿಸರ್ಗ ಉಳಿಯೋದಕ್ಕೆ ಬೆಲೆ ತೆರುವವರು ಯಾರು ಅನ್ನೋದನ್ನು ಹೇಳದೆ ಬಿಡೋದು ಸರಿಯೇ?

ನಮ್ಮೂರು ಹಲಗೇರಿ, ರಾಣೆಬೆನ್ನೂರು ತಾಲ್ಲೂಕು. ಇದೇ ತಾಲ್ಲೂಕಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ, 1974ರಲ್ಲಿ ಘೋಷಣೆಯಾದದ್ದು. ತಿರುಚಿದ ಕೊಂಬಿನ ಗಂಡು ಮುಂದೆ, ಹಿಂದೆ ಹಿಂಡು, ಎಲ್ಲವೂ ಒಮ್ಮೆಲೇ ಚಂಗನೆ ಹಾರೋದನ್ನು ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ನಮ್ಮವರು ಅದಕ್ಕೆ ಚಿಗರಿ ಅಂತಾರೆ. ಮುಂಗಾರಿಗೆ ಬಿತ್ತಿದ ಗೋವಿನಜೋಳ ಗೇಣುದ್ದ ಬಂದಾಗ ಇದೇ ಹಿಂಡು ರಾತ್ರಿ ಹೊಲಕ್ಕೆ ಇಳಿಯುತ್ತದೆ. ಹೊಲ ಕಾಯೋದಕ್ಕೆ ಎಷ್ಟೋ ಮನೆಗಳಲ್ಲಿ ಹದಿಮೂರು-ಹದಿನಾಲ್ಕರ ಹುಡುಗರೂ ಹೋಗ್ತಾರೆ. ಕ್ಯಾಂಪಿನ ಮಗುವಿನ ಕೈಯಲ್ಲಿ ಬೈನಾಕ್ಯುಲರ್, ಇವರ ಕೈಯಲ್ಲಿ ಕವಣಿ. ಪ್ರಾಣಿ ಒಂದೇ, ವಯಸ್ಸೂ ಒಂದೇ.

ಇನ್ನೊಂದು ತಮಾಷೆ ನೋಡಿ. ಬೇಸಿಗೆ ಕ್ಯಾಂಪು ನಡೆಯೋದು ಹೊಲ ಖಾಲಿ ಇದ್ದಾಗ. ಬಯಲಿನಲ್ಲಿ ಚಿಗರಿ ಮಾತ್ರ ಕಾಣುತ್ತದೆ, ಜಗಳ ಕಾಣೋದಿಲ್ಲ. ಯಾರೂ ಬೇಕಂತಲೇ ಮುಚ್ಚಿಟ್ಟದ್ದಲ್ಲ, ಆದರೂ ಅರ್ಧ ಕಥೆ ಕ್ಯಾಲೆಂಡರಿನಲ್ಲೇ ಮಾಯವಾಗುತ್ತದೆ.

"ಮಕ್ಕಳು ಪಾಪ, ಖುಷಿಯಾಗಿರಲಿ ಬಿಡಿ, ಮೊದಲು ಪ್ರೀತಿ ಹುಟ್ಟಲಿ" ಅನ್ನೋರಿದ್ದಾರೆ. ಆರು ವರ್ಷದ ಮಗುವಿನ ವಿಷಯದಲ್ಲಿ ನಾನೂ ಒಪ್ತೀನಿ. ಹದಿಮೂರಕ್ಕೆ ಅಪ್ಪನ ಇಎಂಐ ಗೊತ್ತಿರುತ್ತದೆ, ಅಪ್ಪ-ಅಮ್ಮನ ಮುನಿಸೂ ಗೊತ್ತಿರುತ್ತದೆ. ಅವ್ವ ಎಷ್ಟು ಹೊತ್ತಿಗೆ ಏಳ್ತಾಳೆ ಅನ್ನೋದೇ ಗೊತ್ತಿಲ್ಲದ ಪ್ರೀತಿ ಬರೀ ಊಟದ ಮೇಲಿನ ಪ್ರೀತಿ. ಕಷ್ಟ ತಿಳಿದ ಮಾತ್ರಕ್ಕೆ ಅಕ್ಕರೆ ಕಡಿಮೆಯಾಗೋದಿಲ್ಲ.

ತಿಳಿವಳಿಕೆ ಇಲ್ಲದ ಅಕ್ಕರೆ ಏನು ಮಾಡಬಲ್ಲದು ಅನ್ನೋದಕ್ಕೂ ಈ ಬಯಲೇ ಸಾಕ್ಷಿ. ಇಲ್ಲಿ ಸಾಲುಸಾಲು ನೀಲಗಿರಿ ನೆಟ್ಟರು. ದೂರದಿಂದ ನೋಡಿದರೆ ಹಸಿರೇ ಹಸಿರು. ಆದರೆ ಚಿಗರಿಗೆ ಬೇಕಾದದ್ದು ಹುಲ್ಲು, ತೆರೆದ ಬಯಲು. ಒಂದು ಕಾಲಕ್ಕೆ ಇಲ್ಲಿದ್ದ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಈಗ ಕಾಣಸಿಗೋದಿಲ್ಲ. ಹುಲ್ಲುಗಾವಲಿನ ಹಕ್ಕಿಗೆ ನೆಡುತೋಪು ಮನೆಯಾಗೋದಿಲ್ಲ. ಸಸಿ ನೆಟ್ಟು ಫೋಟೋ ತೆಗೆಸಿ ಮುಗಿಸುವ ಕ್ಯಾಂಪುಗಳು ಮಕ್ಕಳಿಗೆ ಮೊದಲು ಹೇಳಬೇಕಾದ ಪಾಠ ಇದು: ಎಲ್ಲ ಕಡೆ ಮರ ನೆಡೋದೇ ಪುಣ್ಯವಲ್ಲ.

ಹಾಗಂತ ಊರಿನ ಹುಡುಗನಿಗೆ ಎಲ್ಲ ಗೊತ್ತು, ಪೇಟೆಯ ಹುಡುಗನಿಗೆ ಏನೂ ಗೊತ್ತಿಲ್ಲ ಅನ್ನೋದೂ ಸುಳ್ಳು. ಹೊಲ ಕಾಯುವವನಿಗೆ ಕೈಯಲ್ಲಿ ಕೆಲಸವಿಲ್ಲದೆ, ಸುಮ್ಮನೆ ಕೂತು ಚಿಗರಿ ನೋಡುವ ಒಂದು ಬೆಳಗೂ ಸಿಕ್ಕಿರೋದಿಲ್ಲ. ಅದೂ ಅವನ ಹಕ್ಕೇ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮ ನನಗೆ ಹಿಡಿಸೋದು ಇದಕ್ಕೇ. ಕಾಡಂಚಿನ ಶಾಲೆಯ ಮಕ್ಕಳು ಅಲ್ಲಿ ಅತಿಥಿಗಳಾಗಿ ಕಾಡಿಗೆ ಹೋಗ್ತಾರೆ.

ಬೈನಾಕ್ಯುಲರಿನವನು ಚೆಲುವು ಬಲ್ಲ, ಕವಣಿಯವನು ನಷ್ಟ ಬಲ್ಲ. ಮುಂದೆ ಒಬ್ಬ ಬೆಂಗಳೂರಿನಲ್ಲಿ ಕೂತು ಪ್ರಾಣಿ ಉಳಿಸಿ ಅಂತಾನೆ, ಇನ್ನೊಬ್ಬ ಬೆಳೆ ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೀತಾನೆ. ಆಗ ಇಬ್ಬರಿಗೂ ಪರಸ್ಪರ ಮಾತೇ ಇರೋದಿಲ್ಲ.

ಅದಕ್ಕೇ ಈ ಸಲ ಫೀಸು ಕಟ್ಟೋ ಮುಂಚೆ ಎಷ್ಟು ಹಕ್ಕಿ ತೋರಿಸ್ತೀರಿ ಅಂತ ಕೇಳಬೇಡಿ. ಆ ಊರಿನ ಒಬ್ಬ ರೈತನ ಜೊತೆ, ಅವನ ಮಗನ ಜೊತೆ ನಮ್ಮ ಮಕ್ಕಳನ್ನು ಒಂದು ತಾಸು ಕೂರಿಸ್ತೀರಾ ಅಂತ ಕೇಳಿ. "ಅದು ನಮ್ಮ ಪ್ಯಾಕೇಜಿನಲ್ಲಿಲ್ಲ ಸರ್" ಅಂದರೆ, ಅಲ್ಲಿ ಕಲಿಸೋದು ಅರ್ಧ ನಿಸರ್ಗವನ್ನು ಮಾತ್ರ ಅಂತ ತಿಳೀರಿ.