ಪಡೆದವರ ಋಣ ಯಾರಿಗೆ?

ಕೊಟ್ಟವನು ಮರೆಯಬೇಕು, ಪಡೆದವನು ನೆನೆಯಬೇಕು ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಮಾತೇನೋ ಚೆನ್ನಾಗಿದೆ. ಆದರೆ ಪಡೆದವನು ಯಾರನ್ನು ನೆನೆಯಬೇಕು, ಆ ಋಣವನ್ನು ಹೇಗೆ ತೀರಿಸಬೇಕು ಎಂದು ಕೇಳಿದರೆ ಅದರಲ್ಲಿ ಉತ್ತರ ದೊರೆಯುವುದಿಲ್ಲ. ಕೂಲಿಕಾರನ ಮಗಳೋ, ಕುಲಕಸುಬು ನಿಂತುಹೋದ ಮನೆಯ ಹುಡುಗನೋ ವೈದ್ಯವಿದ್ಯೆಗೆ ಹೊರಟಾಗ ಅವರ ಕೈಹಿಡಿಯುವ ಮಠ, ಸಂಘ, ಸರ್ಕಾರಗಳೆಲ್ಲ ಒಂದು ನಿರೀಕ್ಷೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತವೆ: ಓದು ಮುಗಿದ ಮೇಲೆ ಇವರು ತಮ್ಮ ಹಳ್ಳಿಗೇ ಹಿಂದಿರುಗಿ ಸೇವೆ ಸಲ್ಲಿಸಲಿ ಎಂದು. ಈ ನಿರೀಕ್ಷೆ ಧರ್ಮಸಮ್ಮತವೇ ಎಂಬುದು ವಿಚಾರಾರ್ಹವಾದ ವಿಷಯ.

ಹನ್ನೆರಡನೆಯ ಶತಮಾನದ ಶರಣರು ದಾನವನ್ನೂ ದಾಸೋಹವನ್ನೂ ಬೇರೆಬೇರೆಯಾಗಿ ಕಂಡರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಜಂಗಮಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವುದಷ್ಟೇ ಅವನ ಪಾಲಿನ ಕೆಲಸ. ಸಿದ್ಧಗಂಗೆಯಲ್ಲಿ ಸಾವಿರ ಸಾವಿರ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದಿದರು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ದೀರ್ಘಕಾಲದಲ್ಲಿ ಆ ಅನ್ನಕ್ಕೆ ಬೆಲೆ ಕಟ್ಟಿದ್ದಿಲ್ಲ. ಪ್ರಸಾದ ಉಂಡವನನ್ನು ಸಾಲಗಾರನೆಂದು ಎಣಿಸಿದ ದಿನ ಅದು ಪ್ರಸಾದವಾಗಿ ಉಳಿಯುವುದಿಲ್ಲ.

ಹಾಗಾದರೆ ಋಣವೇ ಇಲ್ಲವೇ? ಇದೆ, ಆದರೆ ಅದು ರೋಗಿಗೆ ಸಲ್ಲಬೇಕಾದ ಋಣ. ವೈದ್ಯವಿದ್ಯಾರ್ಥಿ ಮೊದಲ ವರ್ಷದಲ್ಲಿ ಅಂಗರಚನೆಯನ್ನು ಕಲಿಯುವುದು ಯಾರೋ ಬಿಟ್ಟುಹೋದ ದೇಹದ ಮೇಲೆ. ಮುಂದೆ ಸೂಜಿ ಚುಚ್ಚಲು, ನಾಡಿ ಹಿಡಿಯಲು, ಹೆರಿಗೆ ಮಾಡಿಸಲು ಕೈ ಪಳಗುವುದು ಜನರಲ್ ವಾರ್ಡಿನ ಬಡವರ ಮೈಮೇಲೆ. ಲಕ್ಷಗಟ್ಟಲೆ ಶುಲ್ಕ ತೆತ್ತವನೂ ಕಲಿಯುವುದು ಅಲ್ಲಿಯೇ. ಹೀಗಿರುವಾಗ ಸಿರಿವಂತರ ಮಗ ಯಾವ ಹಂಗೂ ಇಲ್ಲದೆ ನಗರಕ್ಕೋ ವಿದೇಶಕ್ಕೋ ಹೋಗಬಹುದು, ನೆರವು ಪಡೆದ ಬಡವರ ಮಗಳು ಮಾತ್ರ ಹಳ್ಳಿಯಲ್ಲಿ ಉಳಿದು ಋಣ ತೀರಿಸಬೇಕು ಎನ್ನುವುದು ಯಾವ ನ್ಯಾಯ? ಬಡತನಕ್ಕೆ ಇನ್ನೊಂದು ದಂಡ ವಿಧಿಸಿದಂತಾಯಿತು. ಕರ್ನಾಟಕದ 2012ರ ಕಡ್ಡಾಯ ಸೇವಾ ಕಾಯ್ದೆಯ ಬಗೆಗೆ ಬೇರೆ ಆಕ್ಷೇಪಣೆಗಳೇನೇ ಇರಲಿ, ವೈದ್ಯ ಪದವೀಧರರಲ್ಲಿ ಬಡವ-ಬಲ್ಲಿದನೆಂಬ ಭೇದ ಮಾಡದೆ ಸೇವೆಯನ್ನು ಕೇಳಿದ್ದು ಯೋಗ್ಯವಾಗಿತ್ತು.

ಪ್ರತಿಫಲದ ಕರಾರಿಲ್ಲದಿದ್ದರೆ ಇಂಥವರಿಗೆ ನೆರವಾಗುವುದರಿಂದ ಸಮಾಜಕ್ಕೇನು ಲಾಭ ಎಂದು ಕೆಲವರು ಕೇಳಬಹುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಇಲ್ಲಿ ನೆನೆಯಬಹುದು. ಅಲ್ಲಿ ಸೋಲಿಗರ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ತರಬೇತಿ ದೊರೆಯಿತು. ಬಸುರಿಯೊಬ್ಬಳು ತನ್ನ ನೋವನ್ನು ತನ್ನ ನುಡಿಯಲ್ಲಿಯೇ, ತನ್ನವಳ ಮುಂದೆ ಹೇಳಿಕೊಳ್ಳುವುದಕ್ಕೂ ಅಪರಿಚಿತ ಅಧಿಕಾರಿಯ ಮುಂದೆ ತಡವರಿಸುವುದಕ್ಕೂ ಇರುವ ಅಂತರ ಚಿಕಿತ್ಸೆಯ ಅರ್ಧ ಭಾಗವೇ ಸರಿ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಮಗ ಡಾಕ್ಟರನಾದರೆ ಊರಿಗೆಲ್ಲ ಸಿಹಿ ಹಂಚುವ ನಾವು ಮಗಳು ನರ್ಸ್ ಆಗುತ್ತೇನೆಂದರೆ ಮುಖ ಗಂಟಿಕ್ಕುತ್ತೇವೆ. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಇದ್ದರು, ಮಾದಾರ ಧೂಳಯ್ಯನವರೂ ಇದ್ದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವವರು ಮನೆಯಲ್ಲಿಯೂ ಹೇಳಬೇಕಾಗುತ್ತದೆ.

ಇನ್ನು ನೆರವಿನ ವಿಷಯ. ಸೀಟು ದೊರೆತವರಿಗೆ ಶಾಲು ಹೊದಿಸಿ ಸನ್ಮಾನಿಸುವುದು ಸುಲಭ. ಕಷ್ಟವಿರುವುದು ಅದಕ್ಕಿಂತ ಮೊದಲು. ವೈದ್ಯಕೀಯ ಪ್ರವೇಶಕ್ಕೆ ಈಗ ನೀಟ್ ಎಂಬ ಒಂದೇ ರಾಷ್ಟ್ರೀಯ ಪರೀಕ್ಷೆಯಿದ್ದು, 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ನೆರೆಯ ತಮಿಳುನಾಡು 2020ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಓದಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಶೇ. 7.5ರಷ್ಟು ಸೀಟುಗಳನ್ನು ಮೀಸಲಿಟ್ಟಿತು. ಇವೆಲ್ಲ ಸ್ವಾಗತಾರ್ಹವೇ. ಆದರೂ ಮೊದಲ ಯತ್ನದಲ್ಲಿ ಕೆಲವೇ ಅಂಕಗಳಿಂದ ಹಿಂದೆ ಬಿದ್ದ ಇಬ್ಬರನ್ನು ಊಹಿಸಿಕೊಳ್ಳಿರಿ. ಅನುಕೂಲಸ್ಥರ ಮಗ ಒಂದು ವರ್ಷ ತರಬೇತಿ ಕೇಂದ್ರದಲ್ಲಿ ಕುಳಿತು ಮತ್ತೊಮ್ಮೆ ಬರೆಯುತ್ತಾನೆ. ಬಡವರ ಮಗನಿಗೂ ಅದೇ ಅವಕಾಶ ಕಾಗದದ ಮೇಲಿದೆ; ಆದರೆ ಆ ವರ್ಷ ಅವನು ಉಣ್ಣುವುದೆಲ್ಲಿ? ದುಡಿದು ತರಬೇಕಾದ ಪ್ರಾಯದ ಮಗ ಪುಸ್ತಕ ಹಿಡಿದು ಕುಳಿತರೆ ಮನೆಯವರು ಎಷ್ಟು ದಿನ ತಾಳಿಯಾರು? ಅವನು ಸೋಲುವುದು ಬುದ್ಧಿಯ ಕೊರತೆಯಿಂದಲ್ಲ, ಒಂದು ವರ್ಷದ ಅನ್ನದ ಕೊರತೆಯಿಂದ.

ವಿದ್ಯಾರ್ಥಿನಿಲಯಗಳು ಸಾಮಾನ್ಯವಾಗಿ ಕಾಲೇಜಿಗೆ ಸೇರಿದ ಪತ್ರವನ್ನು ನೋಡಿಯೇ ಪ್ರವೇಶ ಕೊಡುತ್ತವೆ. ಮರುಪರೀಕ್ಷೆಗೆ ಓದುವವನು ಯಾವ ಕಾಲೇಜಿನವನೂ ಅಲ್ಲ; ಹೀಗಾಗಿ ಆಸರೆ ಅತ್ಯಂತ ಅಗತ್ಯವಾದ ವರ್ಷದಲ್ಲಿಯೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಮಠಗಳ ಪ್ರಸಾದನಿಲಯಗಳು ಈ ನಿಯಮವನ್ನು ಸಡಿಲಿಸಿ, ಒಂದೆರಡು ಕೋಣೆಗಳನ್ನು ಇಂಥವರಿಗೆ, ಯಾವ ಜಾತಿಯವರೇ ಆಗಲಿ, ಮೀಸಲಿಡುವುದು ಅಸಾಧ್ಯವಾದ ಕಾರ್ಯವೇನಲ್ಲ. ಸೀಟು ದೊರೆತ ಮೇಲೆ ಇನ್ನೊಂದು ತೊಡಕು. ಕನ್ನಡದಲ್ಲಿ ಪರೀಕ್ಷೆ ಬರೆದು ಬಂದವರು ಮೊದಲ ದಿನದಿಂದಲೇ ಇಂಗ್ಲಿಷಿನ ಹೆಬ್ಬೊತ್ತಿಗೆಗಳೊಡನೆ ಸೆಣಸಬೇಕು. ಮೊದಲ ಆರು ತಿಂಗಳು ವಾರಕ್ಕೊಂದು ಸಂಜೆ ಪಕ್ಕದಲ್ಲಿ ಕುಳಿತು ಪುಟ ತಿರುವಿಸುವ ಹಿರಿಯರಿದ್ದರೆ ಸಾಕು. ಮಠದಲ್ಲಿ ಉಂಡು ಓದಿ ವೈದ್ಯರಾದ ಹಳೆಯ ವಿದ್ಯಾರ್ಥಿಗಳು ಇಂದು ಹಲವು ಊರುಗಳಲ್ಲಿದ್ದಾರೆ. ಅವರನ್ನು ಹಣ ಕೇಳುವ ಮುನ್ನ ಈ ಸಂಜೆಗಳನ್ನು ಕೇಳಬಹುದು.