ಕಾಡಿನ ಬಚ್ಚಲು

ಮಾಗಿಯ ಚಳಿಯಲ್ಲಿ ಬೆಳಗ್ಗೆ ಆರು ಗಂಟೆಗೆ ಬಚ್ಚಲಿಗೆ ಹೋಗುವವನನ್ನು ತಡೆದು, “ಬಿಸಿನೀರು ನಿನಗೆ ಅವಶ್ಯಕತೆಯೋ, ಭೋಗವೋ?” ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೇಳಿದವನ ಬುದ್ಧಿಯ ಮೇಲೆ ಸಂಶಯ ಬಂದೀತು. ಆದರೆ ಅದೇ ಮನುಷ್ಯ ಬಿಸಿನೀರಿನ ಏರ್ಪಾಟನ್ನು ಜೀಪಿನ ಮೇಲೆ ಹೇರಿಕೊಂಡು ಬೆಟ್ಟದ ತಪ್ಪಲಿಗೆ ಹೊರಟನೆನ್ನಿ. ನಾವೆಲ್ಲರೂ ಒಮ್ಮೆಗೇ ನೀತಿವಂತರಾಗಿಬಿಡುತ್ತೇವೆ. “ಅಲ್ಲಿಗೂ ಬಿಸಿನೀರೇ? ಹಾಗಾದರೆ ಮನೆಯಲ್ಲೇ ಇರಬಾರದಾಗಿತ್ತೆ?” ಎನ್ನುತ್ತೇವೆ. ಮನೆಯೊಳಗೆ ನಿರ್ದೋಷವಾದ ಸುಖ ಮನೆಯ ಹೊರಗೆ ದೋಷವಾಗುವುದು ಹೇಗೆ? ಪ್ರಶ್ನೆ ಮೇಲ್ನೋಟಕ್ಕೆ ಹಗುರವಾದದ್ದು. ಆದರೂ ಅದರ ಬೆನ್ನು ಹತ್ತಿ ಸ್ವಲ್ಪ ದೂರ ನಡೆದರೆ ಅದು ನಮ್ಮನ್ನು ನಮ್ಮ ಮನೆಯ ಬಚ್ಚಲಿಗೇ ತಂದು ನಿಲ್ಲಿಸುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವೈಟ್‌ಫೀಲ್ಡಿನ ಒಂದು ಕಂಪೆನಿಯಲ್ಲಿ ಕೆಲಸದಲ್ಲಿದ್ದಾನೆ. ವಾರದ ಐದು ದಿನ ಕಂಪ್ಯೂಟರಿನ ಮುಂದೆ. ಶನಿವಾರ ಬಂತೆಂದರೆ ಜೀಪು ಹತ್ತಿ ಸಕಲೇಶಪುರದ ಕಡೆಗೋ ಕೊಡಗಿನ ಕಡೆಗೋ ಪಯಣ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ಹವ್ಯಾಸದವರು ಈಗ ಅಪರೂಪವೇನಲ್ಲ. ಅಪ್ಪಣೆಯಿಲ್ಲದೆ ಮೀಸಲು ಅರಣ್ಯದೊಳಕ್ಕೆ ಹೋಗುವಂತಿಲ್ಲವಾದ್ದರಿಂದ ಪರಿಚಯದ ಕಾಫಿತೋಟದವರ ಒಪ್ಪಿಗೆ ಪಡೆದು ತೋಟದ ಅಂಚಿನಲ್ಲಿ ಡೇರೆ ಹಾಕುತ್ತಾರೆ. ದಿನವೆಲ್ಲ ಕೆಸರಿನ ಹಾದಿಯಲ್ಲಿ ಕುಲುಕಾಡಿದ ಮೈಗೆ ಸಂಜೆ ನಾಲ್ಕು ಚೆಂಬು ಬಿಸಿನೀರು ಬೇಡವೆ? ಅದಕ್ಕೆಂದು ಅವನೂ ಅವನ ಸ್ನೇಹಿತರೂ ಮಾಡಿಕೊಂಡಿರುವ ಏರ್ಪಾಟನ್ನು ನನಗೊಮ್ಮೆ ವಿವರಿಸಿ ಹೇಳಿದ.

ಇಂಥ ಏರ್ಪಾಟುಗಳು ಹಲವು ಬಗೆ. ಎಲ್ಲಕ್ಕಿಂತ ಸುಲಭವಾದದ್ದು ಇಪ್ಪತ್ತು ಲೀಟರ್ ಹಿಡಿಯುವ ಕಪ್ಪು ಚೀಲ. ನೀರು ತುಂಬಿ ಒಳ್ಳೆಯ ಬಿಸಿಲಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮೈಗೆ ಹಿತವಾಗುವಷ್ಟು ಕಾಯುತ್ತದೆ. ಕೊಂಬೆಗೆ ತೂಗುಹಾಕಿ ಕೆಳಗೆ ನಿಂತರಾಯಿತು. ಇನ್ನೊಂದು, ಜೀಪಿನ ಚಾವಣಿಯ ಮೇಲೆ ಉದ್ದಕ್ಕೆ ಕಟ್ಟಿದ ದಪ್ಪ ಕಪ್ಪು ಕೊಳವೆ. ದಾರಿಯುದ್ದಕ್ಕೂ ಬಿಸಿಲೇ ಅದರ ಒಲೆ. ಮೂರನೆಯದು ಎಂಜಿನ್ನಿನ ಶಾಖವನ್ನೇ ಎರವಲು ಪಡೆಯುವುದು: ಎಂಜಿನ್ನನ್ನು ತಣಿಸಿ ಬರುವ ದ್ರವ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದಕ್ಕೂ ಸ್ನಾನದ ನೀರಿಗೂ ನಡುವೆ ತೆಳ್ಳನೆಯ ಲೋಹದ ತಗಡುಗಳನ್ನಿಟ್ಟು, ಒಂದು ಇನ್ನೊಂದಕ್ಕೆ ಸೇರದಂತೆ ಶಾಖವನ್ನು ಮಾತ್ರ ದಾಟಿಸುತ್ತಾರೆ. ನಾಲ್ಕನೆಯದು ಗ್ಯಾಸಿನಿಂದ ಉರಿಯುವ ಪುಟ್ಟ ಗೀಸರ್. ಇದನ್ನು ಬಟ್ಟಬಯಲಿನಲ್ಲಿ ಮಾತ್ರ ಬಳಸಬೇಕು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ವಿಷಗಾಳಿಯಿಂದ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಬೆಂಗಳೂರಿನವರು ಪತ್ರಿಕೆಗಳಲ್ಲಿ ಓದಿಯೇ ಇದ್ದಾರೆ. ಮುಚ್ಚಿದ ಡೇರೆಗೂ ಅದೇ ಮಾತು.

ನನ್ನ ವಿದ್ಯಾರ್ಥಿಯದು ಇವೆಲ್ಲಕ್ಕಿಂತ ಬಡವರ ಏರ್ಪಾಟು. ಪಾತ್ರೆಯಲ್ಲಿ ನೀರು ಕುದಿಸುವುದು. ಒಂದು ಪಾಲು ಕುದಿಯುವ ನೀರಿಗೆ ಮೂರು ಪಾಲು ತಣ್ಣೀರು ಬೆರೆಸುವುದು. ತಣ್ಣೀರು 20 ಡಿಗ್ರಿಯಿದ್ದರೆ ಬೆರೆತದ್ದು ಸುಮಾರು 40 ಡಿಗ್ರಿಗೆ ಬರುತ್ತದೆ, ಮೈಗೆ ಹಿತವಾದ ಬಿಸಿ. ಬಕೆಟ್ಟಿನೊಳಗೆ ಜೀಪಿನ ಬ್ಯಾಟರಿಯಿಂದಲೇ ನಡೆಯುವ ಹನ್ನೆರಡು ವೋಲ್ಟಿನ ಪುಟ್ಟ ಪಂಪು, ಅದಕ್ಕೊಂದು ರಬ್ಬರ್ ಕೊಳವೆ, ಕೊಳವೆಯ ತುದಿಗೆ ಷವರಿನ ಬಿಲ್ಲೆ. ನೀರಿನ ಕ್ಯಾನುಗಳನ್ನು ಕೂರಿಸುವ ಕಬ್ಬಿಣದ ಚೌಕಟ್ಟನ್ನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿಸಿಕೊಂಡಿದ್ದಾನೆ. ಇಷ್ಟೆ.

“ನಲವತ್ತು ಲೀಟರ್ ನೀರು ಹೊತ್ತುಕೊಂಡು ಹೋಗ್ತೀವಿ ಸಾರ್. ನಾಲ್ಕು ಜನ. ಅಡಿಗೆಗೆ, ಕುಡಿಯೋದಕ್ಕೆ ತೆಗೆದಿಟ್ಟರೆ ಸ್ನಾನಕ್ಕೆ ಒಬ್ಬೊಬ್ಬರಿಗೆ ಏಳು ಲೀಟರ್. ಮೈ ನೆನೆಸಿಕೊಂಡು ಪಂಪು ನಿಲ್ಲಿಸಬೇಕು. ಸೋಪು ಹಚ್ಚಿ ಮತ್ತೆ ಬಿಡಬೇಕು. ಏಳು ಲೀಟರಿನಲ್ಲಿ ಮನುಷ್ಯ ಚೆನ್ನಾಗೇ ಸ್ನಾನ ಮಾಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.”

“ಮನೆಯಲ್ಲಿ ಎಷ್ಟು ಬೇಕಾಗುತ್ತಪ್ಪ?” ಎಂದೆ.

“ಮನೆಯಲ್ಲಿ ಯಾರು ಸಾರ್ ಅಳೆದಿದ್ದಾರೆ?” ಎಂದ.

ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ನಗರದ ಮನುಷ್ಯನಿಗೆ ದಿನಕ್ಕೆ ಇಷ್ಟು ನೀರು ಬೇಕೆಂದು ಸರ್ಕಾರದ ಎಂಜಿನಿಯರುಗಳು ಅಳೆದಿದ್ದಾರೆ. ಭಾರತೀಯ ಮಾನಕದ ಲೆಕ್ಕದಲ್ಲಿ ಅದು ತಲೆಗೆ 135 ಲೀಟರ್. ಅದರಲ್ಲಿ ಸ್ನಾನದ ಪಾಲೇ 55. ಆದರೆ ಸ್ನಾನ ಮಾಡುವವನು ಅಳೆದಿಲ್ಲ. ಮನೆಯ ಷವರಿನಲ್ಲಿ ನಿಮಿಷಕ್ಕೆ ಎಂಟು ಹತ್ತು ಲೀಟರ್ ಹರಿದುಹೋಗುವುದು ಸಾಮಾನ್ಯ. ಅಂದರೆ ಕಾಡಿನಲ್ಲಿ ಒಂದು ಸ್ನಾನವೇ ಮುಗಿಯುವಷ್ಟು ನೀರು ಮನೆಯಲ್ಲಿ “ಬಿಸಿ ಬಂತೇ?” ಎಂದು ಕೈಯೊಡ್ಡಿ ನೋಡುವುದರಲ್ಲಿ ಮುಗಿಯುತ್ತದೆ. ನಮ್ಮ ಬಚ್ಚಲಿನ ನೀರಿಗೆ ಆದಿಯೂ ಕಾಣುವುದಿಲ್ಲ, ಅಂತ್ಯವೂ ಕಾಣುವುದಿಲ್ಲ. ನಲ್ಲಿಯ ಬಾಯಿಂದ ಹುಟ್ಟಿ ಮೋರಿಯ ಜಾಲರಿಯಲ್ಲಿ ಮುಗಿಯುವ ಒಂದೂವರೆ ಆಳು ಉದ್ದದ ನದಿ ಅದು.

ಆದಿಯನ್ನು ಹುಡುಕಿಕೊಂಡು ಹೋದರೆ ಏನು ಕಾಣುತ್ತದೆ? ಕಾವೇರಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಹರಿದು, ಸುಮಾರು 500 ಮೀಟರ್ ಎತ್ತರ ಏರಿ ಬೆಂಗಳೂರಿಗೆ ಬರುತ್ತದೆ. ನೀರು ತಾನಾಗಿ ಮೇಲಕ್ಕೆ ಹರಿಯುವುದಿಲ್ಲ. ಹಗಲಿರುಳೂ ಪಂಪುಗಳು ಅದನ್ನು ಎತ್ತುತ್ತಿರಬೇಕು. ಅದರ ಮೇಲೆ ಕಾಯಿಸುವ ಖರ್ಚು ಬೇರೆ. ಹತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಬೆಚ್ಚಗೆ ಮಾಡುವಷ್ಟು ಶಕ್ತಿಯಿಂದ, ಬರಿಯ ಲೆಕ್ಕದ ಮಟ್ಟಿಗೆ, ನೂರೈವತ್ತು ಲೀಟರಿಗೂ ಹೆಚ್ಚು ನೀರನ್ನು ಆ 500 ಮೀಟರ್ ಎತ್ತಬಹುದು! ನಗರದ ಹೊರ ಅಂಚಿಗಂತೂ ಆ ಕಾವೇರಿಯೂ ಬಹುಕಾಲ ಬಂದಿರಲಿಲ್ಲ. ವೈಟ್‌ಫೀಲ್ಡಿನ ಸುತ್ತಿನ ಊರುಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿಕೊಂಡಿದ್ದವು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೆಯ ಹಂತದ ಯೋಜನೆಗೆ ಚಾಲನೆ ದೊರೆಯಿತು. “ನೀರಿನಂತೆ ಹಣ ಖರ್ಚು ಮಾಡಿದ” ಎಂದು ದುಂದುಗಾರನನ್ನು ಕುರಿತು ನಾವು ಹೇಳುವುದುಂಟು. ಆ ಬೇಸಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವರು ಹಣದಂತೆ ನೀರು ಖರ್ಚು ಮಾಡುವುದನ್ನು ಕಲಿತರು.

ಇನ್ನು ಅಂತ್ಯ. ಮೋರಿಯ ಜಾಲರಿಯ ಕೆಳಗೆ ನಮ್ಮ ಸ್ನಾನ ಮುಗಿಯಿತೆಂದು ನಾವು ತಿಳಿಯುತ್ತೇವೆ. ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ಸಿಗುವ ವರ್ತೂರು ಕೆರೆ ಹಾಗೆ ತಿಳಿಯಲಿಲ್ಲ. ಬೆಳ್ಳಂದೂರು ಕೆರೆಯಿಂದ ಅದಕ್ಕೆ ಹರಿದುಬರುವ ಕೊಳಚೆಯಲ್ಲಿದ್ದ ಸಾಬೂನು, ಸೋಪಿನ ಪುಡಿಗಳು ನೊರೆಯಾಗಿ ಎದ್ದು, 2015ರ ಹೊತ್ತಿಗೆ ಗಾಳಿಗೆ ಹಾರಿ ರಸ್ತೆಯ ಮೇಲೆ ಹೋಗುವವರ ಮುಖಕ್ಕೆ ಬಡಿಯುತ್ತಿದ್ದವು. ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿಕೊಂಡದ್ದೂ ಉಂಟು. ಆ ನೀರು ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರಿ ಗಡಿ ದಾಟುತ್ತದೆ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನ ಕೆಳಗೂ ನೊರೆ ಎದ್ದಿದೆ. ಪಶ್ಚಿಮದಲ್ಲಿ ಪೀಣ್ಯದ ಕಡೆಯ ಕೊಳಚೆ ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಕಾವೇರಿಯಿಂದ ಬಂದದ್ದು ಕಾವೇರಿಗೇ ಮರಳುತ್ತದೆ. ಬಂದ ರೂಪದಲ್ಲಿ ಮಾತ್ರ ಅಲ್ಲ.

ಈಗ ಜೀಪಿನ ಪಕ್ಕದ ಬಚ್ಚಲನ್ನು ನೋಡಿ. ಅಲ್ಲಿ ನೀರಿನ ಆದಿ ಕಣ್ಣ ಮುಂದಿರುವ ಕ್ಯಾನು. ಅದನ್ನು ಎತ್ತಿ ತಂದ ತೋಳಿಗೆ ಅದರ ತೂಕ ಗೊತ್ತು. ಅಂತ್ಯ ಕಾಲಬುಡದಲ್ಲಿರುವ ಗುಂಡಿ. ಸೋಪಿನ ನೀರು ಹಳ್ಳಕ್ಕೆ ಸೇರಬಾರದು, ಹಳ್ಳದಿಂದ 60 ಮೀಟರಿಗಿಂತ ದೂರದಲ್ಲಿ ಸ್ನಾನ ಮಾಡಬೇಕು ಎಂಬುದು ಡೇರೆಯವರು ಪಾಲಿಸಬೇಕಾದ ಮರ್ಯಾದೆ. ಪಾಲಿಸದಿದ್ದರೆ ಮರುದಿನ ಬೆಳಗ್ಗೆ ಅದೇ ಹಳ್ಳದ ನೊರೆಯನ್ನು ತಾವೇ ನೋಡಬೇಕು. ಭೋಗಿಸುವವನೂ ಬೆಲೆ ತೆರುವವನೂ ಅಲ್ಲಿ ಒಬ್ಬನೇ. ಆದ್ದರಿಂದ ಸುಖ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ಅದರ ಹೊರೆ ಯಾರ ತಲೆಯ ಮೇಲೆ ಕೂತಿದೆ, ಆ ತಲೆ ಸುಖಪಡುವವನಿಗೆ ಕಾಣುತ್ತದೆಯೇ ಎಂಬುದೇ ನಿಜವಾದ ನೀತಿಯ ಪ್ರಶ್ನೆಯೆಂದು ನನಗೆ ತೋರುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ಕಾಡಿನ ಬಚ್ಚಲು ನಮ್ಮ ಮನೆಯ ಬಚ್ಚಲಿಗಿಂತ ಶುದ್ಧವಾದದ್ದು.

“ನಮ್ಮ ಹಿಂದಿನವರ ಬಚ್ಚಲಿನಲ್ಲಿಯೂ ಎಲ್ಲವೂ ಕಾಣುತ್ತಿತ್ತಲ್ಲ!” ಎಂದು ಹಿರಿಯರು ಹೇಳಬಹುದು. ನಿಜವೇ. ಬಾವಿಯ ನೀರು, ಹಂಡೆ, ಒಲೆಯಲ್ಲಿ ಉರಿಯುವ ಸೌದೆ. ಬಚ್ಚಲಿನಿಂದ ಹೊರಗೆ ಹರಿದದ್ದು ಹಿತ್ತಿಲ ಬಾಳೆಯ ಬುಡಕ್ಕೆ. ದೀಪಾವಳಿಗೆ ನೀರು ತುಂಬುವ ಹಬ್ಬವೆಂದೇ ಒಂದು ದಿನವನ್ನು ಮೀಸಲಿಟ್ಟು, ಹಂಡೆಯನ್ನು ಬೆಳಗಿ, ಅದಕ್ಕೂ ಪೂಜೆ ಸಲ್ಲಿಸಿದ ಜನ ನಾವು. ಆದರೆ ಆ ಚಿತ್ರದಲ್ಲಿ ಒಬ್ಬಳನ್ನು ಮರೆಯುತ್ತೇವೆ. ನಸುಕಿನಲ್ಲಿ ಎದ್ದು ಬಾವಿಯಿಂದ ಸೇದಿದವಳು, ಹೊಗೆಯಲ್ಲಿ ಕಣ್ಣೊರಸಿಕೊಂಡು ಊದುಗೊಳವೆ ಊದಿದವಳು ಮನೆಯ ಸೊಸೆ. ಎಲ್ಲರದೂ ಮುಗಿದ ಮೇಲೆ ಹಂಡೆಯ ತಳದಲ್ಲಿ ಉಳಿದದ್ದು ಅವಳಿಗೆ. ಅಲ್ಲಿ ಬೆಲೆ ಕಾಣುತ್ತಿತ್ತು, ತೆರುತ್ತಿದ್ದವರು ಬೇರೆ. ಕಂಡೂ ಕಾಣದಂತಿದ್ದ ಆ ಕಣ್ಣು, ಇಂದಿನ ಕಾಣದ ಕಣ್ಣಿಗಿಂತ ಮೇಲೆಂದು ಹೇಳಲಾರೆ. ಗೀಸರ್ ಬಂದು ಆ ಸೊಸೆಯನ್ನು ಹೊಗೆಯಿಂದ ಬಿಡಿಸಿದ್ದು ಪುಣ್ಯದ ಕೆಲಸವೇ. ಮಗು, ಮುದುಕ, ರೋಗಿ ಇವರಿಗೆ ಇನ್ನೊಬ್ಬರು ನೀರು ಕಾಯಿಸಿ ಕೊಡಬೇಕು. ಒಪ್ಪಿ ಹೊತ್ತ ಹೊರೆ ಸೇವೆ. ಕೇಳದೆ, ಹೇಳದೆ, ನೋಡದೆ ಹೊರಿಸಿದ್ದು ಅನ್ಯಾಯ.

ಇಷ್ಟು ಹೊಗಳಿದ ಮೇಲೆ ಕಾಡಿನ ಬಚ್ಚಲನ್ನೂ ಒಮ್ಮೆ ತೂಗಿ ನೋಡಬೇಕು. ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗಿಬರಲು ನಾನೂರು ಕಿಲೋಮೀಟರಿಗೂ ಮೇಲೆ. ಇಂಥ ಜೀಪು ಅದಕ್ಕೆ ನಲವತ್ತು ಲೀಟರ್ ಡೀಸೆಲ್ ಕುಡಿಯಿತೆಂದು ಇಟ್ಟುಕೊಳ್ಳೋಣ. ಆ ಡೀಸೆಲಿನಲ್ಲಿರುವ ಶಾಖವನ್ನು ನೀರಿಗೆ ಕೊಟ್ಟರೆ ಏಳು ಲೀಟರಿನ ಸ್ನಾನ ಎರಡು ಸಾವಿರ ಜನಕ್ಕೆ ಆಗಿ ಮಿಗುತ್ತದೆ! ಕಾಡಿನಲ್ಲಿ ಬಿಸಿನೀರು ಕಂಡು ಹುಬ್ಬೇರಿಸುವವರು ಬೆರಳು ತೋರುವ ಜಾಗ ತಪ್ಪು. ತೋರಬೇಕಾದದ್ದು ಬಕೆಟ್ಟನ್ನಲ್ಲ, ಚಕ್ರವನ್ನು. ಅಳೆದು ಸ್ನಾನ ಮಾಡುವವನೂ ತಾನು ಅಳೆಯದಿರುವುದೊಂದನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಇರುತ್ತಾನೆ. ಡೀಸೆಲಿಗೆ ಅವನು ಹಣ ಕೊಟ್ಟಿದ್ದಾನೆ, ನಿಜ. ಟ್ಯಾಂಕರಿಗೆ ನಾವೂ ಕೊಡುತ್ತೇವೆ. ಹಣ ಕೊಟ್ಟ ಮಾತ್ರಕ್ಕೆ ಬೆಲೆ ತೆತ್ತಂತಾಗಿದ್ದರೆ ವರ್ತೂರಿನ ಕೆರೆಯಲ್ಲಿ ನೊರೆಯೇಕೆ ಏಳುತ್ತಿತ್ತು?

ಇನ್ನೊಂದು ಮಾತು ಇದಕ್ಕಿಂತ ಕಠಿಣವಾದದ್ದು. ಏಳು ಲೀಟರಿನಲ್ಲಿ ಸ್ನಾನ ಮಾಡುವ ವಿದ್ಯೆಯನ್ನು ಕಲಿಯಲು ಇನ್ನೂರು ಕಿಲೋಮೀಟರ್ ಹೋಗಬೇಕೆ? ಅದೇ ವೈಟ್‌ಫೀಲ್ಡಿನಲ್ಲಿ, ಏಳುತ್ತಿರುವ ಗಗನಚುಂಬಿ ಕಟ್ಟಡಗಳ ಬುಡದಲ್ಲಿ, ತಗಡಿನ ಷೆಡ್ಡುಗಳ ಸಾಲು ಇರುತ್ತದೆ. ರಾಯಚೂರು, ಕಲಬುರಗಿಗಳಿಂದಲೂ ಬಿಹಾರ, ಬಂಗಾಳಗಳಿಂದಲೂ ಬಂದ ಕೂಲಿಯವರು ಸಂಜೆ ಅಲ್ಲಿಯ ಡ್ರಮ್ಮಿನ ಸುತ್ತ ನಿಂತು ಮಗ್ಗಿನಲ್ಲಿ ಮೊಗೆದು ಸ್ನಾನ ಮಾಡುವುದನ್ನು ಆ ದಾರಿಯಲ್ಲಿ ಹೋಗುವ ಯಾರೂ ನೋಡಬಹುದು. ಎಷ್ಟು ಮಗ್ಗಿಗೆ ಸಿಮೆಂಟು ಬಿಡುತ್ತದೆ, ಹಿಂದೆ ನಿಂತವನಿಗೆ ಎಷ್ಟು ಉಳಿಸಬೇಕು ಎಂಬುದು ಅವರಿಗೆ ಗೊತ್ತು. ನಮಗೆ ವಾರಾಂತ್ಯದ ವಿನೋದವಾದದ್ದು ಅವರಿಗೆ ವಾರವೆಲ್ಲ ಬದುಕು. ಕೊರತೆಯನ್ನು ಆಟವಾಗಿ ಆಡುವವನಿಗೆ ಸೋಮವಾರ ಬೆಳಗ್ಗೆ ಆಟ ನಿಲ್ಲಿಸುವ ಸ್ವಾತಂತ್ರ್ಯವಿದೆ, ಅವರಿಗೆ ಅದಿಲ್ಲ. ಈ ವ್ಯತ್ಯಾಸವನ್ನು ಮರೆತು ಮಿತವ್ಯಯವನ್ನು ಕುರಿತು ಉಪದೇಶ ಮಾಡಹೊರಟರೆ, ಆ ಉಪದೇಶ ಹೊಟ್ಟೆ ತುಂಬಿದವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಅವರಿಗೆ ಅಳತೆಯನ್ನು ಕಲಿಸಬೇಕಾಗಿಲ್ಲ, ನೀರನ್ನು ಕೊಡಬೇಕಾಗಿದೆ.

ಹಾಗೆಂದು ಆ ಆಟ ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ಆಟದಲ್ಲಿ ಕಲಿತದ್ದು ಎಷ್ಟೋ ಸಲ ಪಾಠಕ್ಕಿಂತ ಹೆಚ್ಚು ಉಳಿಯುತ್ತದೆ; ಇಪ್ಪತ್ತು ವರ್ಷ ಪಾಠ ಹೇಳಿದವನು ಇಷ್ಟನ್ನಾದರೂ ಒಪ್ಪಿಕೊಳ್ಳಬೇಕು. ಕಷ್ಟವಿರುವುದು ಕಲಿತದ್ದನ್ನು ಹೊಸ್ತಿಲು ದಾಟಿಸಿ ಒಳಗೆ ತರುವುದರಲ್ಲಿ. ಭಾನುವಾರ ರಾತ್ರಿ ಜೀಪಿನ ಕೆಸರನ್ನು ತೊಳೆಯುವಾಗ ಕ್ಯಾನಿನ ಲೆಕ್ಕ ನೆನಪಿರುತ್ತದೆಯೇ? ಅಪಾರ್ಟ್‌ಮೆಂಟಿನ ಸಭೆಯಲ್ಲಿ, ಕೊಳಚೆ ಶುದ್ಧಮಾಡುವ ಯಂತ್ರದ ಖರ್ಚು ಹೆಚ್ಚಾಯಿತೆಂದು ಎಲ್ಲರೂ ಗೊಣಗುವಾಗ, ಕಾಲಬುಡದ ಗುಂಡಿ ನೆನಪಿರುತ್ತದೆಯೇ? ಕಟ್ಟಡದ ಕೂಲಿಯವರಿಗೆ ಒಂದು ಬಚ್ಚಲು, ಒಂದು ನಲ್ಲಿ ಹಾಕಿಸಬೇಕೆಂದು ಕೇಳಲು ಬಾಯಿ ಬರುತ್ತದೆಯೇ? ಬರುವುದಾದರೆ ಅವನು ಕಾಡಿಗೆ ಧಾರಾಳವಾಗಿ ಹೋಗಲಿ, ಬಿಸಿನೀರನ್ನೂ ಕೊಂಡೊಯ್ಯಲಿ. ಅದನ್ನು ಭೋಗವೆಂದು ಕರೆಯಲು ನನಗೆ ಮನಸ್ಸಿಲ್ಲ. ಬರದಿದ್ದರೆ ಆ ಏಳು ಲೀಟರಿನ ಸ್ನಾನದಲ್ಲಿ ತೊಳೆದುಹೋದದ್ದು ಮೈಯ ಕೆಸರು ಮಾತ್ರ.